ನಿಮಗಿದು ಗೊತ್ತೇ? ಒಂದು ಡಿಸ್ಕು, ಎರಡು ಸಂಸಾರ

ಕಂಪ್ಯೂಟರ್ ‘ಬೂಟ್’ ಆಯಿತು ಅನ್ನುತ್ತೇವಲ್ಲ, ಅದು ಕಾಲಿಗೆ ಹಾಕುವ ಬೂಟಿನಿಂದಲೇ ಬಂದ ಮಾತು. ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲಕ್ಕೇಳುವುದು ಮನುಷ್ಯರಿಗೆ ಆಗದ ಕೆಲಸ. ಕಂಪ್ಯೂಟರ್ ದಿನಾ ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ: ಒಂದು ಚಿಕ್ಕ ಪ್ರೋಗ್ರಾಂ ಎದ್ದು ದೊಡ್ಡದನ್ನು ಎಬ್ಬಿಸುತ್ತದೆ, ಅದು ಇನ್ನೂ ದೊಡ್ಡದನ್ನು.

ಚಿಕ್ಕದೆಂದರೆ ಎಷ್ಟು ಚಿಕ್ಕದು? ಹಳೆಯ ಪಿಸಿಗಳಲ್ಲಿ ಡಿಸ್ಕಿನ ಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ ಪ್ರೋಗ್ರಾಮಿಗೆ ಸಿಗುತ್ತಿದ್ದದ್ದು 446 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಅಷ್ಟು ಜಾಗದಲ್ಲಿ ಈ ಅಂಕಣದ ಮೊದಲ ಪ್ಯಾರಾ ಕೂಡ ಹಿಡಿಸುವುದಿಲ್ಲ!

ಅದೇ ಸೆಕ್ಟರಿನಲ್ಲಿ ಪಾರ್ಟಿಷನ್‌ಗಳ, ಅಂದರೆ ಡಿಸ್ಕಿನ ಭಾಗಗಳ, ಪಟ್ಟಿಗೆ ಮೀಸಲಾದದ್ದು 64 ಬೈಟ್. ಒಂದೊಂದಕ್ಕೆ 16ರಂತೆ ನಾಲ್ಕೇ ನಾಲ್ಕು ಮನೆ. ಈಗಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128. (ಚಾಟ್‌ಜಿಪಿಟಿಗೂ ಇದಕ್ಕೂ ನಂಟಿಲ್ಲ.)

ಹೀಗೆ ಎಬ್ಬಿಸುವ ಪ್ರೋಗ್ರಾಮೇ ಬೂಟ್‌ಲೋಡರ್. ಲಿನಕ್ಸ್‌ನ ಹಳೆಯ ಬೂಟ್‌ಲೋಡರ್ ‘ಲಿಲೋ’ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಹಂತ ದಾಟಿದಾಗ ಒಂದೊಂದಾಗಿ ಪರದೆಗೆ ತರುತ್ತಿತ್ತು. ‘ಎಲ್ ಐ’ಗೆ ನಿಂತುಬಿಟ್ಟರೆ ಎಲ್ಲಿ ಕೆಟ್ಟಿದೆ ಎಂಬುದರ ಸುಳಿವು ಅಲ್ಲೇ ಸಿಗುತ್ತಿತ್ತು. ಇಷ್ಟು ಚೊಕ್ಕ ಎರರ್ ಮೆಸೇಜನ್ನು ನಾನು ಮತ್ತೆ ಕಂಡಿಲ್ಲ.

ಇವತ್ತು ‘ಉಬುಂಟುವೋ ವಿಂಡೋಸೋ’ ಎಂದು ಕೇಳುವ ಬೂಟ್‌ಲೋಡರ್ ಗ್ರಬ್ ಹುಟ್ಟಿದ್ದು 1995ರಲ್ಲಿ. ಬರೆದವರು ಎರಿಕ್ ಬೊಲಿನ್. ಅದು ಲಿನಕ್ಸ್‌ಗಾಗಿ ಅಲ್ಲ, ಗ್ನೂ ಹರ್ಡ್ ಎಂಬ ಬೇರೆಯೇ ವ್ಯವಸ್ಥೆಯನ್ನು ಎಬ್ಬಿಸಲು. ಹರ್ಡ್‌ನ 1.0 ಆವೃತ್ತಿ ಇನ್ನೂ ಬಂದಿಲ್ಲ. ಅದರ ಬಾಗಿಲು ಕಾಯಲು ಬಂದ ಆಳು ಮಾತ್ರ ಊರಿನ ಬಾಗಿಲನ್ನೆಲ್ಲ ಕಾಯುತ್ತಿದ್ದಾನೆ.

ಆ ಕಾವಲಿನವನೂ ಒಮ್ಮೆ ಮೋಸ ಹೋದ. ಪಾಸ್‌ವರ್ಡ್ ಹಾಕಿದ ಗ್ರಬ್ ಯೂಸರ್‌ನೇಮ್ ಕೇಳಿದಾಗ ಬ್ಯಾಕ್‌ಸ್ಪೇಸ್ ಕೀಲಿಯನ್ನು 28 ಸಲ ಒತ್ತಿದರೆ ಬೀಗ ತೆರೆಯುತ್ತಿತ್ತು! 2015ರ ಡಿಸೆಂಬರಿನಲ್ಲಿ ಇದನ್ನು ಬಯಲು ಮಾಡಿದವರು ಸ್ಪೇನಿನ ವೆಲೆನ್ಸಿಯಾದ ಸಂಶೋಧಕರು.

ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟರೆ ಸಂಸಾರದಲ್ಲಿ ಜಗಳ ತಪ್ಪದು. ಗಡಿಯಾರದ ಜಗಳ ನಮ್ಮ ದೇಶದಲ್ಲಿ ಸರಿಯಾಗಿ ಐದೂವರೆ ಗಂಟೆಯದು. ಮದರ್‌ಬೋರ್ಡಿನಲ್ಲಿರುವುದು ಒಂದೇ ಗಡಿಯಾರ. ಅದರಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಯುಟಿಸಿ ಸಮಯ ಎಂದು ಲಿನಕ್ಸ್. ಬೆಳಿಗ್ಗೆ 9ಕ್ಕೆ ಲಿನಕ್ಸ್ ಮುಚ್ಚಿ ವಿಂಡೋಸ್ ತೆರೆದರೆ ಮೂಲೆಯಲ್ಲಿ 3:30. ಅದೇ ಹೊತ್ತಿಗೆ ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದರೆ ಮಧ್ಯಾಹ್ನ ಎರಡೂವರೆ, ಇಂಟರ್‌ನೆಟ್ ಸಿಕ್ಕಿ ತಿದ್ದಿಕೊಳ್ಳುವ ತನಕ. ನಾನಂತೂ ಸೆಲ್ ಮುಗಿದಿದೆ ಎಂದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸ ಬಟನ್ ಸೆಲ್ ತಂದು ಹಾಕಿದೆ. ಸ್ಕ್ರೂ ತಿರುಗಿಸಿ, ಧೂಳು ಊದಿ, ಆನ್ ಮಾಡಿದರೆ ಮತ್ತದೇ ಮೂರೂವರೆ! ‘ಸ್ಥಳೀಯ ಸಮಯವನ್ನೇ ಇಟ್ಟುಕೋ’ ಎಂದು ಲಿನಕ್ಸ್‌ಗೆ ಒಂದು ಸಾಲಿನ ಕಮಾಂಡ್ ಕೊಟ್ಟಿದ್ದರೆ ಸಾಕಿತ್ತು.

ಬ್ಲೂಟೂತ್ ಇಯರ್‌ಫೋನ್ ವಿಂಡೋಸ್‌ನಲ್ಲಿ ಜೋಡಿಸಿದರೆ ಲಿನಕ್ಸ್‌ನಲ್ಲಿ ಮುನಿಸಿಕೊಳ್ಳುತ್ತದೆ. ಎರಡರಲ್ಲೂ ಲ್ಯಾಪ್‌ಟಾಪಿನ ಬ್ಲೂಟೂತ್ ವಿಳಾಸ ಒಂದೇ, ಗುಟ್ಟಿನ ಕೀಲಿ ಮಾತ್ರ ಬೇರೆ ಬೇರೆ. ಮುಖ ಗುರುತು ಸಿಗುತ್ತದೆ, ಮಾತು ತಾಳೆಯಾಗುವುದಿಲ್ಲ.

ವಿಂಡೋಸ್ 8ರಿಂದ ಈಚೆಗೆ ‘ಶಟ್‌ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿ ಮಲಗಬೇಕೆಂದಿಲ್ಲ. ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ ತನ್ನ ಕರ್ನೆಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅರೆಗಣ್ಣು ಮುಚ್ಚುತ್ತದೆ. ಹಾಗಾಗಿ ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಕೈಹಾಕಿದರೆ ‘ಓದು, ಬರೆಯಬೇಡ’ ಅನ್ನಿಸಿಕೊಳ್ಳಬೇಕಾದೀತು. ವಿಚಿತ್ರವೆಂದರೆ ‘ರೀಸ್ಟಾರ್ಟ್’ ಕೊಟ್ಟರೆ ಪೂರ್ತಿ ಮುಚ್ಚುತ್ತದೆ.

ಹೊಸದಾಗಿ ಲಿನಕ್ಸ್ ಹಾಕಿದ ಮೇಲೆ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. 2021ರ ಗ್ರಬ್ 2.06ರಿಂದ, ಅಕ್ಕಪಕ್ಕದ ಪಾರ್ಟಿಷನ್‌ಗಳಲ್ಲಿ ಯಾರಿದ್ದಾರೆಂದು ಇಣುಕುವ ಅಭ್ಯಾಸವನ್ನು ಸುರಕ್ಷತೆಗಾಗಿ ಬಿಡಿಸಲಾಗಿದೆ. ಸೆಟಿಂಗ್ಸ್‌ನಲ್ಲಿ ಒಂದು ಸಾಲು ಬದಲಿಸಿದರೆ ಮತ್ತೆ ಇಣುಕುತ್ತದೆ.

ಈ ಬೂಟ್ ಮೆನು ಕೋರ್ಟು ಮೆಟ್ಟಿಲನ್ನೂ ಹತ್ತಿದೆ. ಪಿಸಿ ತಯಾರಕರು ವಿಂಡೋಸ್ ಪಕ್ಕ ಬಿಓಎಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿ ಮಾರದಂತೆ ಮೈಕ್ರೋಸಾಫ್ಟ್‌ನ ಲೈಸೆನ್ಸ್ ಕರಾರು ತಡೆಯಿತೆಂದು ಬಿಓಎಸ್ ತಯಾರಿಸಿದ ಬಿ ಕಂಪನಿ 2002ರಲ್ಲಿ ದಾವೆ ಹೂಡಿತು. ಮರುವರ್ಷ ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳದೆಯೇ 2 ಕೋಟಿ 32.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಬಿ ತನ್ನ ತಂತ್ರಜ್ಞಾನವನ್ನು ಪಾಮ್ ಕಂಪನಿಗೆ ಮಾರಿ ಆಗಿತ್ತು.

ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗವಿದ್ದರೆ, ಬೂಟ್ ಸೆಟಿಂಗ್ಸ್ ಬದಲಿಸಿದ ಮೇಲೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೊದಲೇ ಕಾಗದದಲ್ಲಿ ಬರೆದಿಡಿ. ಅದನ್ನು ಪಿಡಿಎಫ್ ಮಾಡಿ, ಜೋಪಾನವಾಗಿ ಅದೇ ಡಿಸ್ಕಿನೊಳಗೆ ಇಟ್ಟ ಮಹಾನುಭಾವರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ.