ಗೇರ್‌ಬಾಕ್ಸ್ ಬದಲಿಸಿದ ಮೇಲೆ ಬರುವ ತೊಂದರೆಗಳು: ಮತ್ತೆ ಇಳಿಸುವ ಮೊದಲು ನೋಡತಕ್ಕ ಸಂಗತಿಗಳು

ಕೊಯ್ಲಿನ ಕಾಲದಲ್ಲಿ ವಾಹನ ನಿಂತರೆ ಬೆಳೆಗಾರನ ಕೈಕಾಲು ಕಟ್ಟಿದಂತೆಯೇ ಸರಿ. ಇಳಿಸಿದ ಗೊನೆಯನ್ನು ಹೊತ್ತಿಗೆ ಸರಿಯಾಗಿ ಸುಲಿದು ಬೇಯಿಸದಿದ್ದರೆ ಅಡಿಕೆಯ ಬಣ್ಣ ಕೆಡುತ್ತದೆ, ದರವೂ ಇಳಿಯುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ತೋಟಗಳಾಗಲಿ, ಕೊಳವೆಬಾವಿಯನ್ನು ನಂಬಿ ಅಡಿಕೆ ಎಬ್ಬಿಸಿರುವ ಜಗಳೂರಿನ ಒಣಸೀಮೆಯಾಗಲಿ, ಮಲೆನಾಡಿನ ಕಾಫಿ ತೋಟದ ಏರುದಾರಿಯಾಗಲಿ, ಗೊನೆ, ಗೊಬ್ಬರ, ಆಳು, ನೀರು ಎಲ್ಲಕ್ಕೂ ಇಂದು ಜೀಪು ಇಲ್ಲವೆ ಪಿಕಪ್ ಬೇಕೇ ಬೇಕು.

ಹಳೆಯ ಜೀಪಿನ ಗೇರ್‌ಬಾಕ್ಸ್ ಸವೆದಾಗ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸುವುದು ನಮ್ಮಲ್ಲಿ ರೂಢಿ. ಈಚೆಗೆ ಆಟೊಮ್ಯಾಟಿಕ್ ಗೇರಿನ ವಾಹನಗಳೂ ತೋಟಕ್ಕೆ ಬಂದಿವೆ. 2020ರಲ್ಲಿ ಬಂದ ಹೊಸ ಮಹೀಂದ್ರ ಥಾರ್ ಆ ಬಗೆಯಲ್ಲಿಯೂ ದೊರೆಯಿತು. ಬಾಕ್ಸ್ ಬದಲಿಸಿ ಮನೆಗೆ ತಂದ ವಾರದಲ್ಲೇ ಹೊಸ ಸದ್ದು, ನಡುಕ, ಗೇರು ಬೀಳದಿರುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುವುದುಂಟು. ಆಗ “ತಂದ ಬಾಕ್ಸೇ ಕೆಟ್ಟದ್ದು” ಎಂದು ಮತ್ತೆ ಇಳಿಸಿ ಎರಡನೆಯ ಸಲ ಕೂಲಿ ತೆರುವವರಿದ್ದಾರೆ. ಬಾಕ್ಸ್ ಇಳಿಸಿ ಏರಿಸುವಾಗ ಕ್ಲಚ್, ಮೌಂಟಿಂಗ್, ಶಾಫ್ಟ್, ಗೇರ್ ಲಿವರಿನ ಜೋಡಣೆ, ಆಯಿಲ್ ಎಲ್ಲವೂ ಕದಲಿರುತ್ತವೆ. ಮೊದಲು ಕದಲಿದ್ದನ್ನು ನೋಡಬೇಕು, ಬಾಕ್ಸನ್ನು ಕೊನೆಗೆ ಶಂಕಿಸಬೇಕು ಎಂಬುದೇ ನಾವು ಹೇಳಬಯಸುವ ಮಾತು.

ಸದ್ದು ಯಾವಾಗ ಬರುತ್ತದೆ?

ವಾಹನ ನಿಂತಿದೆ, ಇಂಜಿನ್ ಓಡುತ್ತಿದೆ, ಗೇರು ನ್ಯೂಟ್ರಲ್‌ನಲ್ಲಿದೆ ಎಂದಿಟ್ಟುಕೊಳ್ಳೋಣ. ಆಗ ಕೇಳುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಬಾಕ್ಸಿನ ಒಳಗಿನ ಬೇರಿಂಗನ್ನು ಶಂಕಿಸಬಹುದು. ಸುಮ್ಮನಿದ್ದು ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಹೆಚ್ಚಾಗಿ ರಿಲೀಸ್ ಬೇರಿಂಗಿನದು. ಯಾವುದೋ ಒಂದೇ ಗೇರಿನಲ್ಲಿ ಸದ್ದಾದರೆ ಆ ಗೇರಿನ ಹಲ್ಲನ್ನು ನೋಡಬೇಕಾಗುತ್ತದೆ. ಎಲ್ಲ ಗೇರಿನಲ್ಲಿಯೂ ವೇಗ ಹೆಚ್ಚಿದಂತೆ ಹೆಚ್ಚುವ, ಖಾಲಿ ಸಮರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲದ ಸದ್ದು ಶಾಫ್ಟ್, ಕ್ರೌನ್ ಇಲ್ಲವೆ ಚಕ್ರದ ಬೇರಿಂಗಿನ ಕಡೆಯದು. ಈ ಪರೀಕ್ಷೆಯನ್ನು ಇಳಿಜಾರಿನಲ್ಲಿ ಮಾಡಕೂಡದು. ಹೊರಡುವಾಗ, ಹಿಂದಕ್ಕೆ ತಿರುಗಿಸುವಾಗ “ಟಕ್” ಎಂದು ಒಂದೇ ಏಟು ಕೇಳಿದರೆ ಶಾಫ್ಟಿನ ಕ್ರಾಸ್ ಸವೆದಿರಬಹುದು, ಮೌಂಟಿಂಗಿನ ಬೋಲ್ಟ್ ಸಡಿಲವಿರಬಹುದು.

ಕ್ಲಚ್ಚಿನ ಕಡೆ

ಇಂಜಿನ್ ಅರಚುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಜಾರುತ್ತಿದೆ. ಪೆಡಲಿನಲ್ಲಿ ಇರಬೇಕಾದಷ್ಟು ಸಡಿಲು ಬಿಟ್ಟಿಲ್ಲವೇನೋ, ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಗುಲಿದೆಯೇನೋ ನೋಡಬೇಕು. ಇಂಜಿನ್ ಓಡುವಾಗ ಗೇರು ಬೀಳದೆ, ಇಂಜಿನ್ ನಿಲ್ಲಿಸಿದಾಗ ಸುಲಭವಾಗಿ ಬೀಳುವುದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕೇಬಲ್ ಸಡಿಲವಾಗಿರುವುದು, ಎಣ್ಣೆಯ ಒತ್ತಡದ ಕ್ಲಚ್ಚಾದರೆ ಅದರಲ್ಲಿ ಗಾಳಿ ಸೇರಿರುವುದು, ಪ್ಲೇಟನ್ನು ಹಿಂದುಮುಂದಾಗಿ ಕೂರಿಸಿರುವುದು ಇದಕ್ಕೆ ಕಾರಣಗಳು. ಹಾಕಿದ ಗೇರು ತಾನಾಗಿ ಜಿಗಿದು ಬಂದರೆ ಲಿವರಿನ ಜೋಡಣೆಯನ್ನೂ ಬಾಕ್ಸ್ ಇಂಜಿನಿಗೆ ನೇರವಾಗಿ ಕೂತಿದೆಯೇ ಎಂಬುದನ್ನೂ ನೋಡತಕ್ಕದ್ದು. ನಡುವೆ ಮಣ್ಣು ಸಿಕ್ಕಿಕೊಂಡರೂ ನೇರ ತಪ್ಪುತ್ತದೆ.

ಶಾಫ್ಟಿನ ನಡುಕ

ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯಲ್ಲಿಯೂ ಕ್ರಾಸ್ ಜಾಯಿಂಟ್ ಇರುತ್ತದೆ. ಓರೆಯಾಗಿ ತಿರುಗುವ ಜಾಯಿಂಟ್ ಒಂದು ಸುತ್ತಿನಲ್ಲಿ ಎರಡು ಸಲ ತುಸು ವೇಗವಾಗಿ, ಎರಡು ಸಲ ತುಸು ನಿಧಾನವಾಗಿ ತಿರುಗಿಸುತ್ತದೆ. ಮುಂದಿನ ಜಾಯಿಂಟ್ ಮಾಡಿದ ಏರುಪೇರನ್ನು ಹಿಂದಿನದು ಸರಿದೂಗಿಸಬೇಕಾದರೆ ಎರಡೂ ಕಡೆಯ ಓರೆ ಸಮನಾಗಿರಬೇಕು, ಶಾಫ್ಟಿನ ಎರಡು ತುದಿಯ ಕವಲುಗಳೂ ಒಂದೇ ಸಾಲಿನಲ್ಲಿರಬೇಕು. ಜಾರುವ ಭಾಗವನ್ನು ಬಿಚ್ಚಿ ಮತ್ತೆ ಸೇರಿಸುವಾಗ ಒಂದು ಹಲ್ಲು ತಪ್ಪಿದರೂ ನಡುಕ ಹುಟ್ಟುತ್ತದೆ. ಬಿಚ್ಚುವ ಮೊದಲು ಬಣ್ಣದಿಂದ ಗುರುತು ಹಾಕಿದರೆ ಈ ತೊಂದರೆಯೇ ಇಲ್ಲ. ಮೌಂಟಿಂಗಿನ ರಬ್ಬರ್ ಕುಸಿದರೂ, ಬೇರೆ ಮಾದರಿಯ ಬಾಕ್ಸ್ ತುಸು ಮೇಲೆ ಕೆಳಗೆ ಕೂತರೂ ಓರೆ ಬದಲಾಗುತ್ತದೆ.

ಹೊಸ ಬಾಕ್ಸ್ ಹಳೆಯದಕ್ಕಿಂತ ಗಿಡ್ಡವಿದ್ದರೆ ಶಾಫ್ಟಿನ ಜಾರುವ ಭಾಗದ ಹಿಡಿತ ಕಡಿಮೆಯಾಗಿ ಗುಂಡಿಗೆ ಇಳಿದಾಗ ಕಳಚಬಹುದು. ಉದ್ದವಿದ್ದರೆ ಶಾಫ್ಟ್ ಒತ್ತಿ ಬಾಕ್ಸಿನ ಹಿಂದಿನ ಬೇರಿಂಗನ್ನು ಹಾಳುಮಾಡಬಹುದು. ಇಂಥಲ್ಲಿ ಶಾಫ್ಟನ್ನು ಅಳತೆಗೆ ತಕ್ಕಂತೆ ಮಾಡಿಸಿ, ಬ್ಯಾಲೆನ್ಸ್ ಹಿಡಿಸಿಯೇ ಹಾಕಬೇಕು. ಸುಮ್ಮನೆ ಕತ್ತರಿಸಿ ವೆಲ್ಡಿಂಗ್ ಮಾಡಿದ ಶಾಫ್ಟ್ ಓಡುವಾಗ ಮುರಿದರೆ ಪ್ರಾಣಕ್ಕೇ ಅಪಾಯ.

ನಾಲ್ಕು ಚಕ್ರದ ಎಳೆತವಿರುವ ಹಳೆಯ ಜೀಪನ್ನು ಒಣ ಟಾರು ರಸ್ತೆಯಲ್ಲಿ ಆ ಗೇರಿನಲ್ಲೇ ಓಡಿಸಿದರೆ, ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದೇ ದೂರ ಉರುಳದೆ ಶಾಫ್ಟುಗಳು ಬಿಗಿಯುತ್ತವೆ, ಲಿವರ್ ಬಿಡುವುದಿಲ್ಲ. ಇದನ್ನು ಬಾಕ್ಸಿನ ದೋಷವೆಂದು ತಿಳಿಯಬಾರದು. ಆ ಎಳೆತ ಕೆಸರಿಗೆ, ಸಡಿಲ ಮಣ್ಣಿಗೆ ಮಾತ್ರ.

ಆಟೊಮ್ಯಾಟಿಕ್ ಆದರೆ

ಇಲ್ಲಿ ಕ್ಲಚ್ ಪೆಡಲಿನ ಬದಲು ಎಣ್ಣೆಯ ಒತ್ತಡವೇ ಕೆಲಸ ಮಾಡುತ್ತದೆ. ಆದುದರಿಂದ ಮೊದಲು ಎಣ್ಣೆಯ ಜಾತಿ, ಆಮೇಲೆ ಅದರ ಮಟ್ಟ. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿ, ಅವರು ಹೇಳಿದ ಬಿಸಿಯಲ್ಲಿ, ಅವರು ಹೇಳಿದ ರೀತಿಯಲ್ಲಿಯೇ ಮಟ್ಟ ನೋಡಬೇಕು. ಎಣ್ಣೆ ಕಡಿಮೆಯಾದರೆ ಡ್ರೈವ್‌ಗೆ ಹಾಕಿದ ಎಷ್ಟೋ ಹೊತ್ತಿಗೆ ಗಾಡಿ ಹಿಡಿಯುತ್ತದೆ, ಏರಿನಲ್ಲಿ ಜಾರುತ್ತದೆ.

ಹಳೆಯ ಬಾಕ್ಸ್ ಒಳಗೇ ಸವೆದು ಕೆಟ್ಟಿದ್ದರೆ ಅದರ ಲೋಹದ ಪುಡಿ ಎಣ್ಣೆಯ ಕೂಲರಿನಲ್ಲಿಯೂ ಕೊಳವೆಗಳಲ್ಲಿಯೂ ಉಳಿದಿರುತ್ತದೆ. ಅದನ್ನು ತೊಳೆಯದೆ ಇಲ್ಲವೆ ಕೂಲರ್ ಬದಲಿಸದೆ ಹೊಸ ಬಾಕ್ಸ್ ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಟಾರ್ಕ್ ಕನ್ವರ್ಟರ್ ಬಾಕ್ಸಿನ ಪಂಪಿನೊಳಗೆ ಪೂರ್ತಿ ಕೂತಿರಬೇಕು. ಕೂರದಿದ್ದಾಗ ಬೋಲ್ಟ್ ಬಿಗಿದು ಬಲವಂತವಾಗಿ ಎಳೆದರೆ ಪಂಪು ಒಡೆಯುತ್ತದೆ, ಗಾಡಿ ಮುಂದಕ್ಕೂ ಹಿಂದಕ್ಕೂ ಕದಲುವುದಿಲ್ಲ. ಇಂದಿನ ಬಾಕ್ಸುಗಳನ್ನು ನಡೆಸುವುದು ಕಂಪ್ಯೂಟರ್. ಬಾಕ್ಸ್ ಅದೇ ಮಾದರಿಯದಾಗಿರಬೇಕು. ಎಷ್ಟೋ ವಾಹನಗಳಲ್ಲಿ ಬದಲಿಸಿದ ಮೇಲೆ ಸ್ಕ್ಯಾನರ್ ಹಚ್ಚಿ ಹೊಂದಾಣಿಕೆ ಮಾಡಿಸಬೇಕಾಗುತ್ತದೆ. ಅದನ್ನು ಬಿಟ್ಟರೆ ಗೇರು ಬದಲಾಗುವಾಗ ಜರ್ಕ್ ಹೊಡೆಯುತ್ತದೆ.

ಲಿವರಿನ ಕೇಬಲ್ ಹೊಂದಾಣಿಕೆ ತಪ್ಪಿದರೆ ಲಿವರ್ ಪಾರ್ಕ್‌ನಲ್ಲಿದ್ದರೂ ಬಾಕ್ಸ್ ಪಾರ್ಕ್‌ನಲ್ಲಿ ಇಲ್ಲದಿರಬಹುದು. ತೋಟದ ಇಳಿಜಾರಿನಲ್ಲಿ ಆಳುಗಳು ಮೂಟೆ ಇಳಿಸುವಾಗ ಗಾಡಿ ಉರುಳಿದರೆ ಗತಿಯೇನು? ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡುವುದನ್ನು ಯಾರೂ ಬಿಡಬಾರದು.

ನೋಡುವ ಕ್ರಮ

ಖರ್ಚಿಲ್ಲದ್ದನ್ನು ಮೊದಲು ನೋಡಬೇಕು. ಮೊದಲು ಎಣ್ಣೆಯ ಜಾತಿ, ಮಟ್ಟ, ಸೋರಿಕೆ. ಎರಡನೆಯದಾಗಿ ಕೇಬಲ್, ಲಿವರ್, ಕ್ಲಚ್ಚಿನ ಸಡಿಲು. ಮೂರನೆಯದಾಗಿ ಮೌಂಟಿಂಗ್ ಮತ್ತು ಬೋಲ್ಟುಗಳು. ನಾಲ್ಕನೆಯದಾಗಿ ಶಾಫ್ಟಿನ ಗುರುತು, ಓರೆ, ಕ್ರಾಸ್. ಆಟೊಮ್ಯಾಟಿಕ್ ಆದರೆ ಸ್ಕ್ಯಾನರ್. ಇಷ್ಟಾದ ಮೇಲೂ ತೊಂದರೆ ಉಳಿದರೆ ಬಾಕ್ಸ್ ಇಳಿಸುವ ಮಾತು. ಬರಿಯ ಜಾಕ್ ನಂಬಿ ಗಾಡಿಯ ಅಡಿಗೆ ಯಾರೂ ನುಸುಳಕೂಡದು. ಗಟ್ಟಿ ಆಸರೆ ಕೊಟ್ಟೇ ಇಳಿಯಬೇಕು.

ಕೈಗೇರಿನ ಜೀಪಿಗೆ ಆಟೊಮ್ಯಾಟಿಕ್ ಬಾಕ್ಸ್ ಹಾಕಿಸುವ ಆಸೆಯುಳ್ಳವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ತಯಾರಕರು ಕೊಟ್ಟ ವಾಹನವನ್ನು ಮಾರ್ಪಡಿಸುವ ವಿಷಯವನ್ನು ಮೋಟಾರು ವಾಹನ ಕಾಯಿದೆ 1988ರ 52ನೆಯ ಕಲಮು ನಿಯಂತ್ರಿಸುತ್ತದೆ. ಅಪಘಾತವಾದಾಗ ವಿಮೆಯ ಪ್ರಶ್ನೆಯೂ ಏಳುತ್ತದೆ.

ಬಾಕ್ಸ್ ಕೊಳ್ಳುವಾಗ ಅದರ ಮಾದರಿಯನ್ನೂ, ಕೂರಿಸಿದ ದಿನ ಹಾಕಿದ ಎಣ್ಣೆಯ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ತೊಂದರೆ ಬಂದಾಗ ಸದ್ದು ಯಾವಾಗ, ಯಾವ ಗೇರಿನಲ್ಲಿ ಎಂಬುದನ್ನು ಮೆಕ್ಯಾನಿಕ್‌ಗೆ ತಿಳಿಸಿರಿ. ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಇಂಥ ಕೆಲಸವನ್ನೆಲ್ಲ ಗೊನೆ ಬಲಿಯುವ ಮೊದಲೇ ಮುಗಿಸಿಕೊಂಡರೆ ಕೊಯ್ಲಿನ ದಿನ ಬಾಡಿಗೆ ಗಾಡಿಗೆ ಕಾಯುವ ಪಾಡು ತಪ್ಪೀತು.