ಗಿನಿಯ ಸೇಕು ತೂರೆ: ಮುಷ್ಕರದಿಂದ ಅಧಿಕಾರಪೀಠಕ್ಕೆ

ವಾರಕ್ಕೆ 48 ಗಂಟೆ ದುಡಿಯುತ್ತಿದ್ದವನ ಕೆಲಸವನ್ನು 40 ಗಂಟೆಗೆ ಇಳಿಸಿ, ಗಂಟೆಯ ಲೆಕ್ಕದ ಕೂಲಿಯನ್ನು ಮಾತ್ರ ಇದ್ದಂತೆಯೇ ಉಳಿಸಿದರೆ, ಶಾಸನವು ಕರುಣಿಸಿದ ವಿಶ್ರಾಂತಿಯೇ ಅವನ ಸಂಪಾದನೆಯ ಆರರಲ್ಲೊಂದು ಪಾಲನ್ನು ಕಸಿದುಕೊಳ್ಳುತ್ತದೆ; ಆ ನಷ್ಟ ತುಂಬಬೇಕಾದರೆ ಕೂಲಿ ನೂರಕ್ಕೆ 20ರಷ್ಟು ಏರಲೇಬೇಕು. 1952ರ ಕಡೆಯಲ್ಲಿ ಫ್ರಾನ್ಸ್ ತನ್ನ ಸಾಗರೋತ್ತರ ವಸಾಹತುಗಳಿಗೆ ನೂತನ ಕಾರ್ಮಿಕ ಸಂಹಿತೆಯನ್ನು ವಿಧಿಸಿದಾಗ, ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಈ ಸರಳ ಗಣಿತವನ್ನೇ ಹೋರಾಟದ ಮಂತ್ರವಾಗಿಸಿದವನು ಸೇಕು ತೂರೆ.

1922ರಲ್ಲಿ ಫರಾನಾದಲ್ಲಿ ಜನಿಸಿದ ಈತ, ಫ್ರೆಂಚರನ್ನು ದೀರ್ಘಕಾಲ ಎದುರಿಸಿದ ಸಮೋರಿ ತೂರೆಯ ವಂಶಜನೆಂದು ಹೇಳಿಕೊಳ್ಳುತ್ತಿದ್ದನಾದರೂ, ಆತನನ್ನು ರೂಪಿಸಿದುದು ವಂಶಕೀರ್ತಿಗಿಂತ ಮಿಗಿಲಾಗಿ ಅಂಚೆ ಇಲಾಖೆಯ ಗುಮಾಸ್ತಗಿರಿಯೆಂದೇ ನನ್ನ ಭಾವನೆ. 1945ರಲ್ಲಿ ಅಂಚೆ ನೌಕರರ ಸಂಘವನ್ನು ಕಟ್ಟಿದ ಆತನ ನೇತೃತ್ವದಲ್ಲಿ, 1953ರ ಸೆಪ್ಟೆಂಬರಿನಲ್ಲಿ ಆರಂಭವಾದ ಸಾರ್ವತ್ರಿಕ ಮುಷ್ಕರವು ಎರಡು ತಿಂಗಳನ್ನೂ ಮೀರಿ ನಡೆಯಿತು. ಸಂಬಳವಿಲ್ಲದ ಮನೆಗಳಿಗೆ ಹಳ್ಳಿಗಳ ರೈತರು ಅಕ್ಕಿ ಕಳುಹಿದರು. ಒಲೆ ಆರದಂತೆ ಕಾದವರು ಹೆಂಗಸರು. ಕೇಳಿದ ಏರಿಕೆ ಕೈಗೂಡಿದ ಮೇಲೆ, ಆತನಿಗೆ ರಾಜಕೀಯದ ಬಾಗಿಲನ್ನು ಬೇರೆ ಯಾರೂ ತೆರೆಯಬೇಕಾಗಿರಲಿಲ್ಲ: ಆತ ರಾಜಧಾನಿ ಕೊನಾಕ್ರಿಯ ಮೇಯರನೂ, 1956ರಲ್ಲಿ ಪ್ಯಾರಿಸ್ಸಿನ ರಾಷ್ಟ್ರಸಭೆಯ ಸದಸ್ಯನೂ ಆದನು.

1958ರ ಆಗಸ್ಟ್ 25ರಂದು, ಕೊನಾಕ್ರಿಗೆ ಬಂದ ಫ್ರಾನ್ಸಿನ ಪ್ರಧಾನಿ ದ ಗಾಲ್‌ರ ಸಮ್ಮುಖದಲ್ಲೇ, ದಾಸ್ಯದ ಸಿರಿಗಿಂತ ಸ್ವಾತಂತ್ರ್ಯದ ಬಡತನವೇ ಲೇಸೆಂದು ಸಾರಿದ ತೂರೆಯ ಹಿಂದೆ ಜನತೆ ಅಚಲವಾಗಿ ನಿಂತಿತು. ಸೆಪ್ಟೆಂಬರ್ 28ರ ಜನಮತದಲ್ಲಿ ನೂರಕ್ಕೆ 95ಕ್ಕೂ ಮಿಕ್ಕು ಮಂದಿ, ದ ಗಾಲ್ ಮುಂದಿಟ್ಟ ಫ್ರೆಂಚ್ ಸಮುದಾಯದ ಒಕ್ಕೂಟವನ್ನು ಒಲ್ಲೆವೆಂದರು. ಅಕ್ಟೋಬರ್ 2ರಂದು ಗಿನಿ ಸ್ವತಂತ್ರವಾಯಿತು; ತೂರೆ ಅದರ ಅಧ್ಯಕ್ಷನಾದನು. ಕುಪಿತವಾದ ಫ್ರಾನ್ಸ್ ತನ್ನ ಅಧಿಕಾರಿಗಳನ್ನು ಹಿಂದೆಗೆದುಕೊಂಡು ನೆರವನ್ನು ನಿಲ್ಲಿಸಿತು. ಆ ಕ್ಷುದ್ರತೆಯನ್ನು ಇತಿಹಾಸ ಮರೆಯಬಾರದು. ಆದರೆ ಮುಂದೆ ನಡೆದುದಕ್ಕೆಲ್ಲ ಅದೊಂದನ್ನೇ ಹೊಣೆಮಾಡುವುದೂ ನ್ಯಾಯವಲ್ಲ.

ಏಕೆಂದರೆ 1961ರಲ್ಲಿ, ತಮ್ಮ ವೇತನದ ಅಹವಾಲನ್ನು ಮುಂದಿಟ್ಟ ಅಧ್ಯಾಪಕರ ಸಂಘದ ಮುಖಂಡರನ್ನು ಸೆರೆಮನೆಗೆ ದೂಡಿದವನು ಹಿಂದೊಮ್ಮೆ ಅಂಥದೇ ಅಹವಾಲನ್ನು ಹೊತ್ತು ನಿಂತಿದ್ದ ಅದೇ ತೂರೆ. ದೇಶದಲ್ಲಿ ಆತನ ಪಕ್ಷವೊಂದೇ ಉಳಿಯಿತು, ಕಾರ್ಮಿಕ ಸಂಘವು ಅದರ ಆಜ್ಞಾಧಾರಕ ಅಂಗವಾಯಿತು. ಬ್ವಾರೊ ಸೆರೆಶಿಬಿರದಲ್ಲಿ ಮಡಿದವರಲ್ಲಿ ಆಫ್ರಿಕನ್ ಏಕತಾ ಸಂಸ್ಥೆಯ ಪ್ರಥಮ ಮಹಾಕಾರ್ಯದರ್ಶಿ ದಿಯಾಲೊ ತೆಲ್ಲಿಯೂ ಒಬ್ಬನು; 1977ರಲ್ಲಿ ಆತನಿಗೆ ಅನ್ನನೀರುಗಳನ್ನು ನಿರಾಕರಿಸಿ ಕೊಲ್ಲಲಾಯಿತು. ಅದೇ ವರ್ಷ, ಖಾಸಗಿ ವ್ಯಾಪಾರದ ನಿಷೇಧವನ್ನು ಜಾರಿಗೊಳಿಸಲು ಬುಟ್ಟಿಗಳನ್ನು ಜಾಲಾಡುತ್ತಿದ್ದ ಆರ್ಥಿಕ ಪೊಲೀಸರ ಕಾಟಕ್ಕೆ ರೋಸಿಹೋದ ಸಂತೆಯ ಹೆಂಗಸರು ಅಧ್ಯಕ್ಷಭವನಕ್ಕೇ ನುಗ್ಗಿ ನಡೆದರು. ಅವರ ಮುಂದೆ ತೂರೆ ಮಣಿಯಬೇಕಾಯಿತು.

1984ರ ಮಾರ್ಚ್ 26ರಂದು ಅಮೆರಿಕದ ಆಸ್ಪತ್ರೆಯೊಂದರಲ್ಲಿ ಆತ ನಿಧನನಾದನು. ಏಪ್ರಿಲ್ 3ರಂದು ಸೈನ್ಯವು ಅಧಿಕಾರವನ್ನು ಕಸಿದುಕೊಂಡು, ಆತ ಕಟ್ಟಿದ ಪಕ್ಷವನ್ನು ವಿಸರ್ಜಿಸಿತು.