ನಿಮಗಿದು ಗೊತ್ತೆ? ಹಟವಲ್ಲ, ಹಸಿವೆ ತಿಳಿಯದು
ದಾವಣಗೆರೆ, ಹರಿಹರದ ಮನೆಗಳಲ್ಲಿ ಮಂಡಕ್ಕಿ ದಿನದ ತಿಂಡಿ. ಆಟಿಸಂ ಇರುವ ಮಗು ಗರಿಗರಿ ಮಂಡಕ್ಕಿಯನ್ನಷ್ಟೇ ತಿಂದು, ತುಸು ಮೆತ್ತಗಾದರೂ ತಟ್ಟೆ ತಳ್ಳಿದರೆ ಬೈಯಬೇಡಿ. ಆ ಮೆದುವನ್ನು ಅದರ ನಾಲಿಗೆ ನಿಜಕ್ಕೂ ತಾಳದು. ಇದರಿಂದ ತೂಕ, ಪೋಷಣೆ ಕುಗ್ಗಿದರೆ ವೈದ್ಯರು ‘ಆರ್ಫಿಡ್’ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 2013ರಲ್ಲಿ. ಇಂಥ ಹಲವು ಮಕ್ಕಳಿಗೆ ಹಸಿವೆಯ ಸುಳಿವೇ ಹತ್ತುವುದಿಲ್ಲ. ಬಹಳ ಹೊತ್ತು ಉಪವಾಸವಿದ್ದು ರಕ್ತದ ಸಕ್ಕರೆ ತೀರಾ ಇಳಿದರೆ ಬೆವರು, ನಡುಕ, ಸಿಟ್ಟು. ಪಾಪ, ಅದನ್ನೂ ರಂಪ ಅಂದುಕೊಳ್ಳುತ್ತೇವೆ. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಆಟಿಸಂ ಮಕ್ಕಳ ತರಬೇತಿಗೆ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ (ಸಿಆರ್‌ಸಿ) ಇದೆ.